ಹೊರಟ ಬೆಳಕು, ತಲುಪಿದ ಬೆಳಕು

ಅಮೆರಿಕದ ತೀರದಿಂದ ಯುರೋಪಿನ ತೀರಕ್ಕೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿರುವ ಕೇಬಲ್ಲಿನ ಉದ್ದ ಹತ್ತಿರಹತ್ತಿರ 6,000 ಕಿಲೋಮೀಟರ್. ಅದರೊಳಗಿನ ಗಾಜಿನ ಎಳೆ ಎಷ್ಟೇ ಶುದ್ಧವಾಗಿರಲಿ, ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್‌ನಷ್ಟು ಬೆಳಕನ್ನು ನುಂಗಿಯೇ ನುಂಗುತ್ತದೆ. ಕೇಳಲು ಅಲ್ಪ. ಆದರೆ 50 ಕಿಲೋಮೀಟರ್ ದಾಟುವಷ್ಟರಲ್ಲಿ ಹೊರಟ ಬೆಳಕಿನಲ್ಲಿ ಉಳಿಯುವುದು ಹತ್ತರಲ್ಲೊಂದು ಪಾಲು. ಅದಕ್ಕಾಗಿ ಅಷ್ಟಷ್ಟು ದೂರಕ್ಕೊಂದು ಆಂಪ್ಲಿಫೈಯರ್ ಕೂರಿಸುತ್ತಾರೆ. ಬಡಕಲಾಗಿ ಬಂದ ಬೆಳಕನ್ನು ಅದು ಹತ್ತುಪಟ್ಟು ಮಾಡಿ ಮುಂದಕ್ಕೆ ಕಳಿಸುತ್ತದೆ. ದಡ ಸೇರುವವರೆಗೆ ಹೀಗೆ ಸುಮಾರು 120 ಸಲ.

ಇಲ್ಲೊಂದು ಸಣ್ಣ ಲೆಕ್ಕವಿದೆ. ಮೊದಲ ಆಂಪ್ಲಿಫೈಯರ್ ಮುಟ್ಟುವಾಗ ಮೂಲ ಬೆಳಕು ಹತ್ತರಲ್ಲೊಂದು, ಎರಡನೆಯದರಲ್ಲಿ ನೂರರಲ್ಲೊಂದು, ಮೂರನೆಯದರಲ್ಲಿ ಸಾವಿರದಲ್ಲೊಂದು. ಆಚೆ ದಡದಲ್ಲಿ ಅದು 1ರ ಮುಂದೆ 120 ಸೊನ್ನೆ ಇಟ್ಟರೆ ಬರುವ ಸಂಖ್ಯೆಯಲ್ಲಿ ಒಂದು ಪಾಲು. ಒಂದು ಮಿಲಿವ್ಯಾಟ್‌ನ ಲೇಸರ್ ಸೆಕೆಂಡಿಗೆ ಹೊರಸೂಸುವ ಫೋಟಾನ್‌ಗಳಾದರೋ 8ರ ಮುಂದೆ ಬರೀ 15 ಸೊನ್ನೆಯಷ್ಟು. ಅಂದರೆ ಹೊರಟ ಫೋಟಾನ್‌ಗಳಲ್ಲಿ ಒಂದೇ ಒಂದು ಕೂಡ ಆಚೆ ದಡ ಕಾಣುವುದಿಲ್ಲ. ಆದರೂ ಈ ದಡದ ಮಾತು ಆ ದಡದಲ್ಲಿ ಅದೇ ಮಾತಾಗಿ ಕೇಳುತ್ತದೆ. ಅಲ್ಲಿನ ಎಂಜಿನಿಯರ್ ಸಲೀಸಾಗಿ ‘ಸಿಗ್ನಲ್ ಬಂತು’ ಎನ್ನುತ್ತಾನೆ.

ಬಂದದ್ದು ಯಾವುದು? ಅದೇ ಬೆಳಕೋ, ಅದರಂಥದೇ ಬೇರೆ ಬೆಳಕೋ?

ಭಾರತದ ದರ್ಶನಗಳು ಈ ಪ್ರಶ್ನೆಯ ಮೇಲೆ ಶತಮಾನಗಟ್ಟಲೆ ಜಗಳವಾಡಿವೆ. ಅವುಗಳ ಉದಾಹರಣೆಯೂ ಬೆಳಕೇ ಆಗಿತ್ತು ಎಂಬುದು ಸ್ವಾರಸ್ಯ. ‘ಮಿಲಿಂದಪಞ್ಹ’ ಎಂಬ ಪಾಲಿ ಗ್ರಂಥದಲ್ಲಿ ಗ್ರೀಕ್ ಮೂಲದ ರಾಜ ಮಿಲಿಂದ ಕೇಳುತ್ತಾನೆ, ಭಿಕ್ಷು ನಾಗಸೇನ ಉತ್ತರಿಸುತ್ತಾನೆ. ರಾತ್ರಿಯಿಡೀ ಉರಿದ ದೀಪದಲ್ಲಿ ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ ಎಂಬುದು ನಾಗಸೇನನ ನಿಲುವು. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದಾಗ ಯಾವ ವಸ್ತುವೂ ಅಲ್ಲಿಂದ ಇಲ್ಲಿಗೆ ದಾಟುವುದಿಲ್ಲ. ದಾಟುವ ಆತ್ಮವಿಲ್ಲದೆಯೂ ಪುನರ್ಜನ್ಮ ಹಾಗೆಯೇ ನಡೆಯುತ್ತದೆ ಎಂದು ಅವನು ರಾಜನನ್ನು ಒಪ್ಪಿಸುತ್ತಾನೆ.

ನೈಯಾಯಿಕರು ಇದನ್ನು ಒಪ್ಪಲಿಲ್ಲ. ‘ಅದೇ ಇದು’ ಎಂದು ನಾವು ಗುರುತಿಸುತ್ತೇವಲ್ಲ, ಆ ಪ್ರತ್ಯಭಿಜ್ಞೆಯೇ ವಸ್ತು ಉಳಿದಿದೆ ಎನ್ನುವುದಕ್ಕೆ ಪ್ರಮಾಣ ಎಂದರು. ಬೌದ್ಧರು ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲು, ಉಗುರುಗಳನ್ನು ತೋರಿಸಿ, ಅವನ್ನೂ ಅದೇ ಎಂದು ಗುರುತಿಸುತ್ತೀರಲ್ಲ ಎಂದು ಕೆಣಕಿದರು. ಕನ್ನಡದ ಜೈನ ಕವಿಗಳು ಕಾವ್ಯಾರಂಭದಲ್ಲಿ ಭಕ್ತಿಯಿಂದ ನೆನೆಯುವ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಮೂರನೆಯ ದಾರಿ ಹಿಡಿದರು. ಚಿನ್ನದ ಕೊಡ ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನು ಅಳುತ್ತಾನೆ, ಕಿರೀಟ ಬೇಕಿದ್ದವನು ನಗುತ್ತಾನೆ, ಚಿನ್ನ ಬೇಕಿದ್ದವನು ಸುಮ್ಮನಿರುತ್ತಾನೆ. ಅಳಿವು, ಹುಟ್ಟು, ಉಳಿವು ಮೂರೂ ಒಂದೇ ವಸ್ತುವಿನಲ್ಲಿ ನಿಜ. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಬೌದ್ಧರ ಕ್ಷಣಿಕವಾದವನ್ನು ಖಂಡಿಸುವಾಗ ಒಂದು ರಿಯಾಯಿತಿ ಕೊಡುತ್ತಾರೆ. ಹೊರಗಿನ ವಸ್ತುವಿನ ವಿಷಯದಲ್ಲಿ ‘ಅದೇನಾ, ಅದರಂಥದ್ದಾ’ ಎಂಬ ಸಂದೇಹ ಒಮ್ಮೊಮ್ಮೆ ಬರಬಹುದು, ಅರಿಯುವವನ ವಿಷಯದಲ್ಲಿ ಮಾತ್ರ ಅದು ಎಂದೂ ಬಾರದು ಎಂಬುದು ಆ ರಿಯಾಯಿತಿ. ಅದನ್ನು ಮುಂದೆ ನೆನಪಿಡಬೇಕಾಗುತ್ತದೆ.

ಈ ಹೊರಗಿನ ವಸ್ತುವಿನ ಸಂದೇಹವೇ ಲೇಸರ್ ಮತ್ತು ಆಂಪ್ಲಿಫೈಯರ್‌ಗಳಿಗೆ ಫೈಬರ್ ವಿನ್ಯಾಸ ಮಾಡುವವರ ದಿನನಿತ್ಯದ ಕಸುಬು.

ಐನ್‌ಸ್ಟೈನ್ 1917ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪರಮಾಣು ಬೆಳಕನ್ನು ಬಿಟ್ಟುಕೊಡುವ ಎರಡು ಬಗೆಗಳನ್ನು ಬಿಡಿಸಿ ಹೇಳಿದರು. ಒಂದು, ಯಾರ ಹಂಗೂ ಇಲ್ಲದೆ ತಾನಾಗಿ ಬಿಡುವುದು. ಇನ್ನೊಂದು, ಪಕ್ಕದಲ್ಲಿ ಹಾದುಹೋಗುವ ಬೆಳಕಿನ ಪ್ರಚೋದನೆಯಿಂದ, ಅದರದೇ ದಿಕ್ಕು, ಅದರದೇ ಲಯದಲ್ಲಿ ಬಿಡುವುದು. ಲೇಸರಿನ ಬೀಜ ಈ ಎರಡನೆಯದರಲ್ಲಿದೆ. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದ ಸತ್ಯೇಂದ್ರನಾಥ ಬೋಸ್ ಐನ್‌ಸ್ಟೈನರಿಗೆ ಒಂದು ಪುಟ್ಟ ಲೇಖನ ಕಳಿಸಿದರು. ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್ ಭಾಷೆಗೆ ತಿರುಗಿಸಿ ಅಚ್ಚು ಹಾಕಿಸಿದರು. ಬೋಸ್ ಮಾಡಿದ್ದು ಎಣಿಕೆಯ ಕ್ರಮದಲ್ಲಿ ಒಂದು ಬದಲಾವಣೆ.

ಎರಡು ಡಬ್ಬಿ, ಎರಡು ಗೋಲಿ ಇವೆ ಎನ್ನೋಣ. ಗೋಲಿಗಳನ್ನು ಹಾಕುವ ಬಗೆ ನಾಲ್ಕು: ಎರಡೂ ಮೊದಲನೆಯದರಲ್ಲಿ, ಎರಡೂ ಎರಡನೆಯದರಲ್ಲಿ, ಮತ್ತೆ ಒಂದೊಂದರಲ್ಲಿ ಒಂದೊಂದು ಎರಡು ರೀತಿ. ಬೋಸ್ ಎಣಿಕೆಯಲ್ಲಿ ಫೋಟಾನ್‌ಗಳಿಗೆ ಬಗೆ ಮೂರೇ. ‘ಇದು ಇಲ್ಲಿ, ಅದು ಅಲ್ಲಿ’ ಎಂಬುದಕ್ಕೂ ‘ಅದು ಇಲ್ಲಿ, ಇದು ಅಲ್ಲಿ’ ಎಂಬುದಕ್ಕೂ ಅಲ್ಲಿ ವ್ಯತ್ಯಾಸವಿಲ್ಲ, ಏಕೆಂದರೆ ಇದು, ಅದು ಎಂದು ಬೆರಳಿಡುವ ಗುರುತೇ ಫೋಟಾನಿಗಿಲ್ಲ. ಹಾಗಾಗಿ ಎರಡೂ ಒಂದೇ ಡಬ್ಬಿಯಲ್ಲಿರುವ ಸಂಭವ ಅರ್ಧದಿಂದ ಮೂರರಲ್ಲೆರಡಕ್ಕೆ ಏರುತ್ತದೆ. ಪ್ರಕೃತಿಯನ್ನು ಅಳೆದು ನೋಡಿದರೆ ಸರಿಹೊಂದುವುದು ಬೋಸರ ಲೆಕ್ಕವೇ.

ಹಾಗೆ ನೋಡಿದರೆ ಮೇಲಿನ 120 ಸೊನ್ನೆಯ ಲೆಕ್ಕ ಬುಡದಲ್ಲೇ ಅಲುಗುತ್ತದೆ. ‘ಮೂಲ ಫೋಟಾನ್‌ಗಳಲ್ಲಿ ಒಂದೂ ಉಳಿದಿಲ್ಲ’ ಎನ್ನಲು ಮೂಲದ್ದು ಯಾವುದು, ಹೊಸದು ಯಾವುದು ಎಂದು ಬೇರ್ಪಡಿಸಲು ಬರಬೇಕು. ಆಂಪ್ಲಿಫೈಯರಿನೊಳಗೆ ಒಂದು ಫೋಟಾನ್ ಹೋಗಿ ಹತ್ತು ಹೊರಬಂದರೆ, ಹೋದದ್ದು ಈ ಹತ್ತರಲ್ಲಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಗುಟ್ಟಾಗಿ ಎಲ್ಲೋ ಅಡಗಿಲ್ಲ. ಅಂಥ ಉತ್ತರವೇ ಇಲ್ಲ.

ಆದರೆ ಒಂದು ಷರತ್ತಿದೆ. ಫೋಟಾನ್‌ಗಳು ಹೀಗೆ ಗುರುತು ಕಳೆದುಕೊಳ್ಳಬೇಕಾದರೆ ಅವುಗಳ ತರಂಗಾಂತರ, ಧ್ರುವೀಕರಣ, ದಿಕ್ಕು, ಹರಡಿಕೊಂಡ ಆಕಾರ ಎಲ್ಲವೂ ಒಂದಾಗಿರಬೇಕು. ಆಕಾರದ ಈ ಅಚ್ಚಿಗೆ ಮೋಡ್ ಎನ್ನುತ್ತಾರೆ. ತೆರೆದ ಜಾಗದಲ್ಲಿ ಬೆಳಕಿಗೆ ಲೆಕ್ಕವಿಲ್ಲದಷ್ಟು ಮೋಡ್‌ಗಳು. ಗಾಜಿನ ಎಳೆಯ ನಡುವಿನ ತಿರುಳನ್ನು, ಅಂದರೆ ಕೋರನ್ನು, ಕೆಲವೇ ಮೈಕ್ರಾನ್‌ಗೆ ಇಳಿಸಿ, ಅದರ ವಕ್ರೀಭವನಾಂಕವನ್ನು ಸುತ್ತಲಿನ ಗಾಜಿಗಿಂತ ತುಸುವೇ ಹೆಚ್ಚಿಸಿದರೆ ಬೆಳಕಿಗೆ ಉಳಿಯುವುದು ಒಂದೇ ಒಂದು ಆಕಾರ. ಅಮೆರಿಕನ್ ಆಪ್ಟಿಕಲ್ ಕಂಪನಿಯಲ್ಲಿದ್ದ ಎಲಿಯಾಸ್ ಸ್ನಿಟ್ಜರ್ 1961ರಲ್ಲಿ ಇದರ ಗಣಿತ ಬರೆದರು. 1964ರಲ್ಲಿ ಚಾರ್ಲ್ಸ್ ಕೋಸ್ಟರ್ ಜೊತೆ ನಿಯೋಡಿಮಿಯಂ ಬೆರೆಸಿದ ಗಾಜಿನ ಎಳೆಯಲ್ಲಿ ಬೆಳಕು ವರ್ಧಿಸುವುದನ್ನು ವರದಿ ಮಾಡಿದರು. ಧ್ರುವೀಕರಣವೂ ತಪ್ಪಬಾರದೆಂದರೆ ಕೋರಿನ ಎರಡು ಮಗ್ಗುಲಲ್ಲಿ ಬೋರಾನ್ ಬೆರೆಸಿದ ಗಾಜಿನ ಕಡ್ಡಿಗಳನ್ನು ಹುದುಗಿಸುತ್ತಾರೆ. ಆರುವಾಗ ಅವು ಸುತ್ತಲ ಗಾಜಿಗಿಂತ ಹೆಚ್ಚು ಕುಗ್ಗಿ ಕೋರನ್ನು ಒಂದು ದಿಕ್ಕಿಗೆ ಎಳೆದು ಹಿಡಿಯುತ್ತವೆ, ಬೆಳಕು ತನ್ನ ಕಂಪನದ ದಿಕ್ಕನ್ನು ಬಿಡದಂತೆ ಕಾಯುತ್ತವೆ.

ಹೀಗೆ ಏಕತೆ ಎಂಬುದು ಇಲ್ಲಿ ತಾನಾಗಿ ಇರುವ ಗುಣವಲ್ಲ, ಗಾಜಿನಲ್ಲಿ ಕಟ್ಟಿಕೊಂಡದ್ದು.

ಈ ಕಟ್ಟುವಿಕೆಯ ಸೂಕ್ಷ್ಮ ಕಾಣುವುದು ಎರ್ಬಿಯಂ ಫೈಬರಿನಲ್ಲಿ. ಸ್ವೀಡನ್ನಿನ ಇಟ್ಟರ್ಬಿ ಎಂಬ ಹಳ್ಳಿಯಿಂದ ಹೆಸರು ಪಡೆದ ನಾಲ್ಕು ಧಾತುಗಳಲ್ಲಿ ಎರ್ಬಿಯಂ ಒಂದು. ಸಿಲಿಕಾ ಗಾಜು ಅತಿ ಕಡಿಮೆ ಬೆಳಕು ನುಂಗುವುದು 1550 ನ್ಯಾನೋಮೀಟರ್ ಆಸುಪಾಸಿನಲ್ಲಿ. ಎರ್ಬಿಯಂ ಅಯಾನು ಬೆಳಕು ಬಿಡುವುದೂ ಅದೇ ಆಸುಪಾಸಿನಲ್ಲಿ. ಈ ಕಾಕತಾಳೀಯವನ್ನು ಹಿಡಿದು 1987ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪೇನ್ ತಂಡವೂ ಬೆಲ್ ಲ್ಯಾಬ್ಸ್‌ನಲ್ಲಿ ಎಮಾನ್ಯುಯೆಲ್ ದೆಸ್ಯುರ್ವಿರ್ ಮತ್ತು ಸಂಗಡಿಗರೂ ಎರ್ಬಿಯಂ ಆಂಪ್ಲಿಫೈಯರ್ ಕಟ್ಟಿ ತೋರಿಸಿದರು. ಅದು ಸಾಗರಕ್ಕೆ ಇಳಿಯುವ ಮೊದಲು, ಉದಾಹರಣೆಗೆ 1988ರಲ್ಲಿ ಬಳಕೆಗೆ ಬಂದ ಅಟ್ಲಾಂಟಿಕ್‌ನ ಟ್ಯಾಟ್-8 ಕೇಬಲ್ಲಿನ ಪೀಳಿಗೆಯಲ್ಲಿ, ಬೆಳಕು ಪ್ರತಿ ನಿಲ್ದಾಣದಲ್ಲೂ ಕೊನೆಗೊಳ್ಳುತ್ತಿತ್ತು. ಅದನ್ನು ವಿದ್ಯುತ್ತಾಗಿ ಬದಲಿಸಿ, ಸೊನ್ನೆಯೋ ಒಂದೋ ಎಂದು ತೀರ್ಮಾನಿಸಿ, ಹೊಸ ಲೇಸರಿನಿಂದ ಹೊಸದಾಗಿ ಬರೆಯುತ್ತಿದ್ದರು. ಓಲೆಗರಿಯನ್ನು ಓದಿ ಅರ್ಥಮಾಡಿಕೊಂಡು ಪ್ರತಿ ತೆಗೆಯುವ ಲಿಪಿಕಾರನ ಕೆಲಸ ಅದು. ಮಾಸಿದ ಅಕ್ಷರವನ್ನು ಅವನು ತಿದ್ದಬಲ್ಲ, ಆದರೆ ಗರಿ ಹೊಸದು. ಎರ್ಬಿಯಂ ಫೈಬರ್ ಏನನ್ನೂ ಓದುವುದಿಲ್ಲ. ಸೊನ್ನೆ ಒಂದುಗಳ ಗೊಡವೆಯಿಲ್ಲದೆ ಬಂದದ್ದನ್ನು ಬಂದ ಹಾಗೆಯೇ ಹಿಗ್ಗಿಸುತ್ತದೆ. 1990ರ ದಶಕದ ನಡುವಿನಲ್ಲಿ ಬಂದ ಟ್ಯಾಟ್-12/13ರಿಂದ ಅಟ್ಲಾಂಟಿಕ್‌ನಲ್ಲಿ ಈ ಓದದ ಪ್ರತಿಕಾರನದೇ ರಾಜ್ಯ.

ಓದದಿದ್ದರೇನು, ಅವನನ್ನು ತಯಾರಿಸುವುದು ಸುಲಭವಲ್ಲ. ಸಿಲಿಕಾ ಕೊಳವೆಯ ಒಳಮೈಗೆ ಗಾಜಿನ ಮಸಿಯ ಪದರ ಕೂರಿಸಿ, ಅದನ್ನು ಎರ್ಬಿಯಂ ಲವಣದ ದ್ರಾವಣದಲ್ಲಿ ನೆನೆಸಿ, ಒಣಗಿಸಿ, ಕಾಯಿಸಿ ಗಟ್ಟಿ ಸರಳು ಮಾಡಿ, ಸುಮಾರು 2,000 ಡಿಗ್ರಿ ಸೆಲ್ಸಿಯಸ್‌ನಲ್ಲಿ 125 ಮೈಕ್ರಾನ್ ದಪ್ಪದ ಎಳೆಯಾಗಿ ಎಳೆಯುತ್ತಾರೆ. ಸಿಲಿಕಾ ಎರ್ಬಿಯಂನ್ನು ಒಳಗೆ ಬಿಟ್ಟುಕೊಳ್ಳಲು ಒಲ್ಲದು; ಅಯಾನುಗಳು ಅಲ್ಲಲ್ಲಿ ಗುಂಪುಗೂಡುತ್ತವೆ. ಪಕ್ಕಪಕ್ಕದ ಎರಡು ಅಯಾನುಗಳು ಪಂಪ್ ಬೆಳಕಿನಿಂದ, ಅಂದರೆ ಅವುಗಳಿಗೆ ಚೈತನ್ಯ ತುಂಬಲೆಂದೇ ಹಾಯಿಸುವ ಬೇರೊಂದು ಬೆಳಕಿನಿಂದ, ಚೈತನ್ಯ ಪಡೆದಾಗ ಒಂದು ತನ್ನದನ್ನು ಇನ್ನೊಂದಕ್ಕೆ ಕೊಟ್ಟುಬಿಡುತ್ತದೆ, ಸಿಗ್ನಲ್ಲಿಗೆ ಸಿಗಬೇಕಾದ್ದು ನಷ್ಟವಾಗುತ್ತದೆ. ಅದಕ್ಕೆ ಅಲ್ಯೂಮಿನಿಯಂ ಬೆರೆಸಿ ಅವುಗಳನ್ನು ಚದುರಿಸುತ್ತಾರೆ. ಕೋರನ್ನು ಸಾಮಾನ್ಯ ಫೈಬರಿಗಿಂತ ಸಣ್ಣದಾಗಿಸುತ್ತಾರೆ, ಏಕೆಂದರೆ ಪಂಪ್ ಬೆಳಕು ತಲುಪದ ಎರ್ಬಿಯಂ ಬೆಳಕು ಕೊಡುವ ಬದಲು ಸಿಗ್ನಲನ್ನೇ ನುಂಗುತ್ತದೆ. ಇದೇ ಕಾರಣಕ್ಕೆ ಉದ್ದವೂ ಮಿತಿಯಲ್ಲಿರಬೇಕು. ಹತ್ತಿಪ್ಪತ್ತು ಮೀಟರಿನಲ್ಲಿ ಸಾವಿರಪಟ್ಟು ವರ್ಧನೆ ಸಿಗುತ್ತದೆ. ಅತಿ ಉದ್ದವಾದರೆ ಪಂಪ್ ಸೊರಗಿದ ಬಾಲದ ಭಾಗ ತಲೆ ಗಳಿಸಿದ್ದನ್ನು ತಿನ್ನುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕಳೆ ಉಳಿಯುತ್ತದೆ. ಒಂದು ಮೋಡಿನಲ್ಲಿ ಈಗಾಗಲೇ ಎನ್ ಫೋಟಾನ್‌ಗಳಿದ್ದರೆ, ಚೈತನ್ಯ ತುಂಬಿದ ಅಯಾನು ಅದೇ ಮೋಡಿಗೆ ಇನ್ನೊಂದನ್ನು ಸೇರಿಸುವ ಸಂಭವ ಎನ್ ಅಲ್ಲ, ಎನ್ ಮತ್ತು ಒಂದಕ್ಕೆ ಅನುಪಾತದಲ್ಲಿರುತ್ತದೆ. ಎನ್ ಎಂಬುದು ಬಂದ ಬೆಳಕಿನ ಕರೆಗೆ ಓಗೊಟ್ಟದ್ದು. ಆ ಹೆಚ್ಚಿನ ಒಂದು, ಯಾರೂ ಕರೆಯದೆ ತಾನಾಗಿ ಹುಟ್ಟಿದ್ದು. ಹೀಗೆ ಹುಟ್ಟಿದ ಫೋಟಾನ್ ಕೂಡ ಮುಂದಿನ ಅಯಾನುಗಳನ್ನು ಪ್ರಚೋದಿಸಿ ತನ್ನ ವಂಶ ಬೆಳೆಸುತ್ತದೆ. ಬೇರೆ ತರಂಗಾಂತರದಲ್ಲಿ ಹುಟ್ಟಿದ್ದನ್ನು ಸೋಸಿ ತೆಗೆಯಬಹುದು. ಸಿಗ್ನಲ್ಲಿನದೇ ಮೋಡಿನಲ್ಲಿ, ಅದರದೇ ತರಂಗಾಂತರದಲ್ಲಿ ಹುಟ್ಟಿದ್ದನ್ನು ಸೋಸುವ ಜರಡಿ ಜಗತ್ತಿನಲ್ಲಿಲ್ಲ, ಏಕೆಂದರೆ ಬೋಸರ ಎಣಿಕೆಯಲ್ಲಿ ಅದಕ್ಕೆ ಪ್ರತ್ಯೇಕ ಗುರುತೇ ಇಲ್ಲ.

1982ರಲ್ಲಿ ಕಾರ್ಲ್ಟನ್ ಕೇವ್ಸ್ ಇದನ್ನು ಎಲ್ಲ ಬಗೆಯ ರೇಖೀಯ ಆಂಪ್ಲಿಫೈಯರ್‌ಗಳಿಗೂ ಅನ್ವಯಿಸುವ ನಿಯಮವಾಗಿ ಬರೆದರು. ಬೆಳಕನ್ನು ಅದರ ಲಯಸಮೇತ ತುಂಬಾ ದೊಡ್ಡದು ಮಾಡುವ ಯಂತ್ರ, ಸಿಗ್ನಲ್ಲಿಗೂ ಗದ್ದಲಕ್ಕೂ ಇರುವ ಅನುಪಾತವನ್ನು ಕನಿಷ್ಠ ಅರ್ಧಕ್ಕಿಳಿಸಲೇಬೇಕು. ಎಂಜಿನಿಯರ್‌ಗಳ ಭಾಷೆಯಲ್ಲಿ 3 ಡೆಸಿಬೆಲ್. ಎರ್ಬಿಯಂನ್ನು 980 ನ್ಯಾನೋಮೀಟರ್ ಬೆಳಕಿನಿಂದ ಪಂಪ್ ಮಾಡಿದರೆ ಬಹುತೇಕ ಎಲ್ಲ ಅಯಾನುಗಳನ್ನೂ ಮೇಲಿನ ಮಟ್ಟಕ್ಕೆ ಏರಿಸಿ ಈ ಮಿತಿಯ ಹತ್ತಿರ ಹೋಗಬಹುದು. 1480ರಿಂದ ಪಂಪ್ ಮಾಡಿದರೆ ಆ ಬೆಳಕೇ ಕೆಲವನ್ನು ಕೆಳಗಿಳಿಸುವುದರಿಂದ ಗದ್ದಲ ಹೆಚ್ಚು. ಮಿತಿಯನ್ನು ದಾಟುವುದು ಯಾರಿಂದಲೂ ಆಗದು. ಎರ್ಬಿಯಂನ ಹಂಗಿಲ್ಲದೆ ಗಾಜಿನಿಂದಲೇ ವರ್ಧನೆ ಪಡೆಯುವ ರಾಮನ್ ಆಂಪ್ಲಿಫೈಯರಿಗೂ ಇದೇ ಕಟ್ಟಳೆ. 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಸಿ. ವಿ. ರಾಮನ್ ಅದಕ್ಕೆ ಐದು ವರ್ಷ ಮೊದಲು ಕಂಡುಕೊಂಡ ಬೆಳಕಿನ ಚದುರುವಿಕೆಯೇ ಆ ಯಂತ್ರದ ಉಸಿರು.

ಅದೇ 1982 ಇನ್ನೊಂದು ಪ್ರಸಂಗಕ್ಕೂ ಪ್ರಸಿದ್ಧ. ಅಮೆರಿಕದ ಭೌತವಿಜ್ಞಾನಿ ನಿಕ್ ಹರ್ಬರ್ಟ್ ಬೆಳಕಿಗಿಂತ ವೇಗವಾಗಿ ಸಂದೇಶ ಕಳಿಸುವ ಯೋಜನೆಯೊಂದನ್ನು ಲೇಖನವಾಗಿಸಿದ್ದರು. ಅದರ ಹೃದಯದಲ್ಲಿದ್ದದ್ದು ಲೇಸರ್ ಆಂಪ್ಲಿಫೈಯರ್: ಒಂದು ಫೋಟಾನ್ ಒಳಗೆ ಹೋದರೆ ಅದರ ಪಡಿಯಚ್ಚುಗಳು ಹೊರಬರುತ್ತವೆ, ಅವನ್ನೆಲ್ಲ ಬೇರೆ ಬೇರೆ ರೀತಿ ಅಳೆದು ಮೂಲದ ಧ್ರುವೀಕರಣವನ್ನು ಪೂರ್ತಿ ಅರಿಯಬಹುದು ಎಂಬ ನಂಬಿಕೆ. ಲೇಖನ ಪರಿಶೀಲಿಸಿದವರಲ್ಲಿ ಇಟಲಿಯ ಜಾನ್‌ಕಾರ್ಲೊ ಗಿರಾರ್ದಿ ತಿರಸ್ಕರಿಸಲು ಹೇಳಿದರು. ಇಸ್ರೇಲಿನ ಆಶೆರ್ ಪೆರೆಸ್ ಲೇಖನ ತಪ್ಪೆಂದು ಗೊತ್ತಿದ್ದೂ ಪ್ರಕಟಿಸಿ ಎಂದರು. ಆ ತಪ್ಪನ್ನು ಹುಡುಕುವುದರಲ್ಲೇ ಹೊಸ ಅರಿವು ಸಿಗುತ್ತದೆಂಬುದು ಅವರ ಎಣಿಕೆ. ಹಾಗೆಯೇ ಆಯಿತು. ವಿಲಿಯಂ ವೂಟರ್ಸ್ ಮತ್ತು ವೊಯ್ಚೆಕ್ ಜೂರೆಕ್ ಒಂದೆಡೆ, ಡೆನಿಸ್ ಡೀಕ್ಸ್ ಇನ್ನೊಂದೆಡೆ, ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯ ಪಡಿಯಚ್ಚು ತೆಗೆಯುವುದು ಅಸಾಧ್ಯವೆಂದು ಅದೇ ವರ್ಷ ಸಾಧಿಸಿದರು. ಆಂಪ್ಲಿಫೈಯರಿನಲ್ಲಿ ಅದನ್ನು ತಡೆಯುವುದು ಕರೆಯದೆ ಬರುವ ಆ ‘ಒಂದು’.

ಎಷ್ಟು ತಡೆಯುತ್ತದೆ ಎಂಬುದಕ್ಕೂ ಲೆಕ್ಕವಿದೆ. ಒಂದು ಫೋಟಾನಿನ ಧ್ರುವೀಕರಣವನ್ನು ಎರಡಾಗಿಸುವ ಅತ್ಯುತ್ತಮ ಯಂತ್ರದಲ್ಲಿ, ಪ್ರತಿಯನ್ನು ಮೂಲದೊಂದಿಗೆ ಹೋಲಿಸುವ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗುವ ಸಂಭವ 5/6. 2002ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ನಿಕೊಲಾ ಜಿಸಿನ್ ಮತ್ತು ಸಂಗಡಿಗರು ಎರ್ಬಿಯಂ ಫೈಬರ್ ಆಂಪ್ಲಿಫೈಯರನ್ನೇ ಇಂಥ ಪ್ರತಿಯಂತ್ರವಾಗಿ ಬಳಸಿ ಆ ಮಿತಿಯ ಸಮೀಪಕ್ಕೆ ಹೋದರು.

ಈಗ ಹಳೆಯ ವಾದಿಗಳನ್ನು ಮತ್ತೆ ಕರೆಯಬಹುದು. ಅವರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎನ್ನಲಿಕ್ಕಲ್ಲ, ಗೊತ್ತಿರಲಿಲ್ಲ. ಅವರ ಪ್ರಶ್ನೆಗಳು ಎಷ್ಟು ಹರಿತವಾಗಿದ್ದವೆಂದರೆ ಫೈಬರಿನ ಮೇಲೂ ಅವುಗಳನ್ನು ಆಡಿಸಿ ನೋಡಲು ಬರುತ್ತದೆ, ಅಷ್ಟೆ.

ದಾಟುವ ವಸ್ತುವಿಲ್ಲದೆಯೂ ಸಾಲು ಮುಂದುವರಿಯುತ್ತದೆ ಎಂಬ ನಾಗಸೇನನ ಮಾತಿಗೆ ಸಾಗರದ ಕೇಬಲ್ಲು ತಕರಾರು ಎತ್ತುವುದಿಲ್ಲ. ಆದರೆ ಅವನ ಎರಡು ದೀಪಗಳು ಎರಡು ಕಡೆ ಇದ್ದವು, ಇದು ಬೇರೆ ಅದು ಬೇರೆ ಎಂದು ತೋರಿಸಬಹುದಿತ್ತು. ಒಂದೇ ಮೋಡಿನೊಳಗಿನ ಫೋಟಾನ್‌ಗಳಲ್ಲಿ ‘ಒಂದೇ ಅಲ್ಲ’ ಎನ್ನಲು ಬೇಕಾದ ಎರಡು ಎಂಬುದೇ ಕೈಗೆ ಸಿಗುವುದಿಲ್ಲ. ಅವನ ಎರಡು ನಿಷೇಧಗಳಲ್ಲಿ ಒಂದು ಇಲ್ಲಿ ನೆಲೆ ಕಳೆದುಕೊಳ್ಳುತ್ತದೆ. ಜೊತೆಗೆ, ದೀಪದಿಂದ ದೀಪ ಹಚ್ಚುವುದಕ್ಕೆ ಅವನ ಉಪಮೆಯಲ್ಲಿ ಬೆಲೆಯೇನೂ ಇರಲಿಲ್ಲ. ಇಲ್ಲಿ ಪ್ರತಿ ಸಲವೂ ಸುಂಕವಿದೆ.

ಸಮಂತಭದ್ರರ ಚಿನ್ನದ ಉದಾಹರಣೆ ಫೈಬರಿನಲ್ಲಿ ತಲೆಕೆಳಗಾಗುತ್ತದೆ. ಅವರಲ್ಲಿ ಉಳಿಯುವುದು ಚಿನ್ನ, ಅಳಿಯುವುದು ಕೊಡದ ಆಕಾರ. ಇಲ್ಲಿ ಉಳಿಯುವುದು ಆಕಾರ. ಅದನ್ನು ತುಂಬುವ ಫೋಟಾನ್‌ಗಳ ಲೆಕ್ಕ ಏರುತ್ತದೆ, ಇಳಿಯುತ್ತದೆ. ಚಿನ್ನ ಬೇಕಿದ್ದವನೇ ಇಲ್ಲಿ ಅಳಬೇಕಾದವನು.

ಆಕಾರವೂ ಶಾಶ್ವತವಲ್ಲ ಎಂಬುದನ್ನು ಕಲಿಸಿದ್ದು ಹೆಚ್ಚು ಶಕ್ತಿಯ ಲೇಸರ್‌ಗಳು. 1988ರಲ್ಲಿ ಸ್ನಿಟ್ಜರ್ ಮತ್ತು ಸಂಗಡಿಗರು ಎರಡು ಹೊದಿಕೆಯ ಫೈಬರನ್ನು ಮುಂದಿಟ್ಟರು. ಡಯೋಡ್‌ಗಳ ಅಗ್ಗದ, ಅಡ್ಡಾದಿಡ್ಡಿ ಬೆಳಕು ಅಗಲವಾದ ಒಳಹೊದಿಕೆಯಲ್ಲಿ ಓಡಾಡುತ್ತಾ ನಡುವಿನ ಕೋರಿಗೆ ಚೈತನ್ಯ ತುಂಬುತ್ತದೆ. ಒಳಹೊದಿಕೆ ದುಂಡಗಿದ್ದರೆ ಕೆಲವು ಕಿರಣಗಳು ಸುರುಳಿ ಸುತ್ತುತ್ತಾ ಕೋರನ್ನು ಮುಟ್ಟದೆಯೇ ದಾಟಿಬಿಡುತ್ತವೆ. ಅದಕ್ಕೆ ಒಂದು ಬದಿ ಚಪ್ಪಟೆ ಮಾಡುತ್ತಾರೆ, ಇಲ್ಲವೇ ಎಂಟು ಮೂಲೆ ಕೊಡುತ್ತಾರೆ. ಇಟರ್ಬಿಯಂ ಬೆರೆಸಿದ ಇಂಥ ಫೈಬರಿನಿಂದ 2009ರಲ್ಲಿ ಐಪಿಜಿ ಫೋಟಾನಿಕ್ಸ್ ಒಂದೇ ಮೋಡಿನಲ್ಲಿ 10 ಕಿಲೋವ್ಯಾಟ್ ತೆಗೆಯಿತು. ಅಷ್ಟು ಶಕ್ತಿ ಸಣ್ಣ ಕೋರಿನಲ್ಲಿ ಹಿಡಿಸದು, ಅಗಲಿಸಬೇಕು. ಅಗಲಿಸಿದರೆ ಎರಡನೆಯ ಮೋಡಿಗೂ ಜಾಗ ಸಿಗುತ್ತದೆ. 2010ರ ಹೊತ್ತಿಗೆ ಹಲವು ಪ್ರಯೋಗಾಲಯಗಳು ಒಂದು ವಿಚಿತ್ರ ಕಂಡವು. ಶಕ್ತಿ ಒಂದು ಮಟ್ಟ ಮೀರಿದೊಡನೆ ಅಚ್ಚುಕಟ್ಟಾದ ಕಿರಣ ಸೆಕೆಂಡಿಗೆ ನೂರಾರು, ಸಾವಿರಾರು ಸಲ ಆಕಾರ ಬದಲಿಸುತ್ತಾ ಹೊಯ್ದಾಡತೊಡಗುತ್ತಿತ್ತು. ಎರಡು ಮೋಡ್‌ಗಳು ಸೇರಿ ಉಂಟುಮಾಡುವ ಬಿಸಿ-ತಂಪು ಪಟ್ಟೆಗಳು ಗಾಜಿನ ವಕ್ರೀಭವನಾಂಕವನ್ನೇ ಬದಲಿಸಿ ಒಂದರ ಬೆಳಕನ್ನು ಇನ್ನೊಂದಕ್ಕೆ ಸುರಿಯುತ್ತಿದ್ದವು. ಫೈಬರನ್ನು ಸುರುಳಿ ಸುತ್ತಿ ಎರಡನೆಯ ಮೋಡನ್ನು ಸೋರಿಸುವುದು, ಇಟರ್ಬಿಯಂನ್ನು ಕೋರಿನ ನಡುವಿಗಷ್ಟೇ ಸೀಮಿತಗೊಳಿಸುವುದು ಮುಂತಾದ ಉಪಾಯಗಳೆಲ್ಲ ಅದಕ್ಕೆಂದೇ ಬಂದವು.

ನೈಯಾಯಿಕರ ‘ಅದೇ ಇದು’ ಎಂಬ ಗುರುತಿಸುವಿಕೆಗೆ ಪ್ರಯೋಗಾಲಯದಲ್ಲಿ ಒಂದು ಉಪಕರಣವೇ ಇದೆ. ಕಿರಣವನ್ನು ಎರಡಾಗಿ ಸೀಳಿ, ಒಂದನ್ನು ಆಂಪ್ಲಿಫೈಯರಿನಲ್ಲಿ ಹಾಯಿಸಿ, ಮತ್ತೆ ಕೂಡಿಸಿದರೆ ಬೆಳಕು-ಕತ್ತಲೆಯ ಪಟ್ಟೆಗಳು ಮೂಡುತ್ತವೆ. ಎರಡೂ ಲಯದಲ್ಲಿ ಒಂದೇ ಆಗಿದ್ದಷ್ಟೂ ಪಟ್ಟೆ ಸ್ಪಷ್ಟ, ಗದ್ದಲ ಸೇರಿದಷ್ಟೂ ಮಸುಕು. ಬರುವ ಉತ್ತರ ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ, ಒಂದು ಪ್ರಮಾಣ. ಒಂದೇ, ಬೇರೆ, ಒಂದು ದೃಷ್ಟಿಯಲ್ಲಿ ಒಂದೇ ಮತ್ತೊಂದರಲ್ಲಿ ಬೇರೆ ಎಂಬ ಮೂರು ಪಕ್ಷಗಳ ಜಗಳದಲ್ಲಿ ‘ಆರರಲ್ಲಿ ಐದು ಪಾಲು’ ಎಂಬ ಉತ್ತರಕ್ಕೆ ಆಸನವಿರಲಿಲ್ಲ.

ಶಂಕರರ ರಿಯಾಯಿತಿ ನೆನಪಾಗಬೇಕಾದದ್ದು ಇಲ್ಲಿ. ಫೈಬರ್ ತೀರ್ಪು ಕೊಟ್ಟಿರುವುದೆಲ್ಲ ಅವರು ಸಂದೇಹಕ್ಕೆ ಬಿಟ್ಟುಕೊಟ್ಟ ಹೊರಗಿನ ವಸ್ತುವಿನ ಬಗ್ಗೆ. ಪಟ್ಟೆಗಳನ್ನು ನೋಡಿ ‘ಆಗ ನೋಡಿದವನೇ ಈಗ ನೋಡುತ್ತಿದ್ದೇನೆ’ ಎನ್ನುವವನ ಮೇಲೆ ಆ ಉಪಕರಣ ಒಂದು ಮಾತನ್ನೂ ಆಡುವುದಿಲ್ಲ. ದೀಪದ ಉಪಮೆಯನ್ನು ಜ್ವಾಲೆಯಿಂದ ಎತ್ತಿ ಜೀವಕ್ಕೆ ಹಚ್ಚುವ ಹೆಜ್ಜೆ ಅಂದು ವಾದದಿಂದ ಇಡಬೇಕಾಗಿತ್ತು, ಇಂದೂ ವಾದದಿಂದಲೇ ಇಡಬೇಕು.

ಹೊರಗಿನ ವಸ್ತುವಿನ ಪ್ರಶ್ನೆ ಮಾತ್ರ ಈಗ ಪೇಟೆಯ ವ್ಯವಹಾರಕ್ಕೇ ಇಳಿದಿದೆ. ಚಾರ್ಲ್ಸ್ ಬೆನೆಟ್ ಮತ್ತು ಜೀಲ್ ಬ್ರಸಾರ್ 1984ರಲ್ಲಿ ಸೂಚಿಸಿದ ಗುಪ್ತಕೀಲಿಯ ವಿಧಾನದಲ್ಲಿ ಒಂದೊಂದೇ ಫೋಟಾನಿನ ಸ್ಥಿತಿಯಲ್ಲಿ ರಹಸ್ಯ ಸಾಗುತ್ತದೆ. ಕದ್ದು ನೋಡುವವನು ಪ್ರತಿ ತೆಗೆಯಲಾರ ಎಂಬುದೇ ಅದರ ಭದ್ರತೆ. ಅದೇ ಕಾರಣಕ್ಕೆ ದಾರಿಯಲ್ಲಿ ಆಂಪ್ಲಿಫೈಯರ್ ಇಡುವಂತೆಯೂ ಇಲ್ಲ, ಗಾಜು ನುಂಗಿದ ಬೆಳಕನ್ನು ತುಂಬಿಕೊಡಲು ಬೇರೆ ಮಾರ್ಗ ಬೇಕು. ಅದಕ್ಕಾಗಿ ಸಂಶೋಧಕರು ಮತ್ತೆ ಎರ್ಬಿಯಂ ಬಳಿಗೇ ಹೋಗಿದ್ದಾರೆ, ಈ ಸಲ ಬೇರೆ ಕೆಲಸ ಹೇಳಿ. ನಿರಪೇಕ್ಷ ಶೂನ್ಯಕ್ಕಿಂತ ಕೆಲವೇ ಡಿಗ್ರಿ ಮೇಲಿರುವ ಇಟ್ರಿಯಂ ಸಿಲಿಕೇಟ್ ಹರಳಿನಲ್ಲಿ ಬೆರೆಸಿದ ಎರ್ಬಿಯಂ, ಬಂದ ಫೋಟಾನನ್ನು ಹೆಚ್ಚಿಸದೆ ನುಂಗಿ, ಹಿಡಿದಿಟ್ಟು, ಬೇಕಾದಾಗ ಬಿಡಬೇಕು. ಇಂಥ ಸ್ಮೃತಿಯನ್ನು ಪರೀಕ್ಷಿಸುವಾಗ ಮರಳಿ ಬಂದದ್ದು ಹೋದ ಫೋಟಾನೇ ಹೌದೇ ಎಂದು ಯಾರೂ ಕೇಳುವುದಿಲ್ಲ. ಅದರ ಸ್ಥಿತಿ ಮೂಲದೊಂದಿಗೆ 2/3ಕ್ಕಿಂತ ಹೆಚ್ಚು ಹೊಂದಿದರೆ, ಅಳೆದು ಮತ್ತೆ ಬರೆದ ಪ್ರತಿ ಅದಲ್ಲವೆಂದು ತಿಳಿಯುತ್ತದೆ. 5/6ನ್ನೂ ದಾಟಿದರೆ, ಅಷ್ಟು ಒಳ್ಳೆಯ ಇನ್ನೊಂದು ಪ್ರತಿ ಬೇರೆ ಯಾರ ಕೈಯಲ್ಲೂ ಇರಲಾರದು.